ಸ್ಪೇನಿನವರು ಬಂದ ಮೇಲೆ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸಾಲಿನ ಲುಪಾಕ ನಾಡಿನ ಬಟ್ಟೆ ಕಂದಾಯ ಎಷ್ಟು ಪಟ್ಟು ಏರಿತು?

ಇದೇ ಎರಡು ಕಾಲಂ ಹಾಕಿಕೊಂಡು ನಾನೂ ಕೂತಿದ್ದೆ: ಎಡಕ್ಕೆ ಇಂಕಾ ಕಾಲ, ಬಲಕ್ಕೆ ಸ್ಪೇನ್. ಎಡಗಡೆ ತುಂಬಲೇ ಇಲ್ಲ. ನಿಮ್ಮದೂ ತುಂಬುವುದಿಲ್ಲ.

1567ರಲ್ಲಿ ಗಾರ್ಸಿ ದಿಯೆಸ್ ದೆ ಸಾನ್ ಮಿಗೆಲ್ ಎಂಬ ಅಧಿಕಾರಿ ಟಿಟಿಕಾಕಾ ಸರೋವರದ ನೈಋತ್ಯ ದಡಕ್ಕೆ ಬಂದು ಚುಕುಯಿಟೊ, ಆಕೋರಾ, ಇಲಾವೆ, ಹೂಲಿ, ಪೊಮಾಟಾ, ಯುಂಗುಯೊ, ಸೆಪಿಟಾ ಎಂಬ ಏಳು ಊರುಗಳನ್ನು ವಿಚಾರಿಸಿದ. ಪ್ರತಿ ಊರಿಗೂ ಮೇಲಿನ ಪಾಲು, ಕೆಳಗಿನ ಪಾಲು. ನಾಡಿಗೂ ಇಬ್ಬರು ಒಡೆಯರು, ಮಾರ್ಟಿನ್ ಕಾರಿ ಮತ್ತು ಮಾರ್ಟಿನ್ ಕೂಸಿ. ಇಂಥ ಒಡೆಯರನ್ನೇ ಕುರಾಕ ಅನ್ನುವುದು. ಕಾರಿಯ ಕೀಪುವಿನಲ್ಲಿ, ಅಂದರೆ ಗಂಟುಹಗ್ಗದ ಲೆಕ್ಕದಲ್ಲಿ, ಇಂಕಾ ಕಾಲದ 20,280 ಮನೆಗಳಿದ್ದವು. ಅಲ್ಲಿ ಎಣಿಸಿದ್ದು ಮನೆಗಳನ್ನು. ಅದನ್ನು ನಾನು ಬಟ್ಟೆಗೆ ಪರಿವರ್ತಿಸಲು ಹೋದೆ. ಇಡೀ ಲೆಕ್ಕ ಕೆಟ್ಟದ್ದು ಅಲ್ಲೇ.

ಏಕೆಂದರೆ ಇಂಕಾ ಕೇಳುತ್ತಿದ್ದದ್ದು ಮಿಟಾ, ಸರದಿಯ ದುಡಿಮೆ. ನೇಯಬೇಕಾದರೆ ಉಣ್ಣೆ ಸರಕಾರದ ಹಿಂಡಿನದು, ಮನೆಯವರದು ಕೈಕೆಲಸ ಮಾತ್ರ. ಅರಸನ ಹೊಲದಲ್ಲಿ ಬೆಳೆ ಹೋದರೆ ನಷ್ಟ ಅರಸನಿಗೆ, ಮನೆಯ ಕಣಜವನ್ನು ಯಾರೂ ಮುಟ್ಟುವಂತಿರಲಿಲ್ಲ. ಕುರಾಕ ತನ್ನ ಹೊಲಕ್ಕೆ ಆಳು ಕರೆದರೂ ಊಟ, ಕೋಕಾ ಎಲೆ, ಮುಸುಕಿನ ಜೋಳದ ಮದ್ಯವಾದ ಚಿಚಾ ಅವನೇ ಒದಗಿಸಬೇಕು. ನಮ್ಮ ಮುಯ್ಯಾಳು ನೆನಪಾಗುತ್ತದೆ, ಆದರೆ ಇದು ಸರೀಕರ ನಡುವಿನದಲ್ಲ.

ಸ್ಪೇನ್ ಗೊತ್ತುಮಾಡಿದ್ದು ವರ್ಷಕ್ಕೆ 1,000 ಬಟ್ಟೆ, 18,000 ಪೆಸೊ ಬೆಳ್ಳಿ. ಉಣ್ಣೆ ಈಗ ಲುಪಾಕರ ಸ್ವಂತ ಹಿಂಡಿನದು. ರೋಗದಲ್ಲಿ ಜನ ಸತ್ತರೂ ಮೊತ್ತ ತಾನಾಗಿ ಇಳಿಯದು, ಉಳಿದವರ ತಲೆಗೆ ಬೀಳುತ್ತದೆ. ಬೆಳ್ಳಿಗಾಗಿ ವರ್ಷಕ್ಕೆ 500 ಗಂಡಸರು ಪೊಟೊಸಿ ಗಣಿಗೆ ಹೋಗಬೇಕಾಯಿತು. ಭಾಗಿಸಿದರೆ ತಲೆಗೆ 36 ಪೆಸೊ. ಹಾದಿಯ ಬುತ್ತಿಗೆ ಹಿಮದಲ್ಲಿ ಒಣಗಿಸಿದ ಆಲೂಗಡ್ಡೆ, ಚುನ್ಯೊ. ಹೊರೆ ಹೊರುವ ಪ್ರಾಣಿ ಲಾಮಾ; ಒಂದು ಲಾಮಾ ಹೊರುವುದು 25–30 ಕೆಜಿ ಅಷ್ಟೇ, ಆದ್ದರಿಂದ ಗಣಿಗೆ ಆಳಿನ ಜೊತೆ ಹಿಂಡೂ ಹೋಗುತ್ತದೆ. ನಿಮ್ಮ ಪಟ್ಟಿಯಲ್ಲಿ ಈ ಲಾಮಾಗಳಿಗೆ ಜಾಗವೇ ಇಲ್ಲ.

ಇನ್ನೊಂದು ಪೆಟ್ಟು ಬಟ್ಟೆಯ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಸರೋವರ ಇರುವುದು ಸುಮಾರು 3,800 ಮೀಟರ್ ಎತ್ತರದಲ್ಲಿ. ಜೋಳ ಬರುತ್ತಿದ್ದದ್ದು ಕರಾವಳಿ ಕಡೆಯ ಸಾಮಾ, ಮೊಕೆಗುವಾ ಕಣಿವೆಗಳಿಂದ, ಕೋಕಾ ಪೂರ್ವದ ಇಳಿಜಾರಿನಿಂದ. ಅಲ್ಲೆಲ್ಲ ಲುಪಾಕರದೇ ಒಕ್ಕಲುಗಳು ನೆಲೆಸಿದ್ದವು. ಸ್ಪೇನಿನವರು ಸಾಮಾದ ಒಕ್ಕಲುಗಳನ್ನು ಬೇರೆ ಧಣಿಗೆ ಹಂಚಿಬಿಟ್ಟರು. ಇದು ತಪ್ಪೆಂದು ಪೋಲೊ ದೆ ಒಂದೆಗಾರ್ದೊ ಎಂಬ ಸ್ಪೇನಿನ ಅಧಿಕಾರಿಯೇ ವಾದಿಸಿದ. ಜೋಳವಿಲ್ಲದೆ ಚಿಚಾ ಇಲ್ಲ. ಚಿಚಾ ಇಲ್ಲದೆ ಕುರಾಕ ಯಾವ ಮುಖದಿಂದ ಆಳು ಕರೆಯಬೇಕು? ಕರೆದರೆ ಅದು ಬಿಟ್ಟಿ ಚಾಕರಿ.

ಹಾಗಾಗಿ 'ಎಷ್ಟು ಪಟ್ಟು' ಅನ್ನುವುದನ್ನು ಹೊಡೆದುಹಾಕಿ. ಪ್ರತಿ ಬಾಬಿನ ಮುಂದೆ ಮೂರನ್ನು ಬರೆಯಿರಿ: ಕಚ್ಚಾಮಾಲು ಯಾರದು, ದುಡಿಯುವವನಿಗೆ ಊಟ ಯಾರದು, ಬೆಳೆ ಕೆಟ್ಟರೆ ನಷ್ಟ ಯಾರದು. ಶುರು ಮಾಡುವುದಾದರೆ ಉಣ್ಣೆಯಿಂದ ಮಾಡಿ.