ರಾತ್ರಿ ಕೌಂಟರ್: ಅರ್ಧ ಇಳಿದ ಶಟರಿನ ಒಳಗೆ ಏನುಂಟು?

ಮಂಗಳೂರಿನ ಕಂಕನಾಡಿ ಕಡೆಯ ಒಂದು ಬಾರ್ ಆಂಡ್ ರೆಸ್ಟೋರೆಂಟಿನಲ್ಲಿ 29 ವರ್ಷ ಕ್ಯಾಶಿಯರ್ ಆಗಿದ್ದವನು ನಾನು. ಹೆಸರು ಬೇಡ, ಧಣಿಗಳ ಮಕ್ಕಳು ಈಗಲೂ ಅದನ್ನು ನಡೆಸುತ್ತಿದ್ದಾರೆ. ಗಲ್ಲೆಯಲ್ಲಿ ಕೂತವನಿಗೆ ಊರಿನ ಹಸಿವು, ಬಾಯಾರಿಕೆ ಎರಡೂ ಲೆಕ್ಕದ ಪುಸ್ತಕದಲ್ಲಿ ಸಿಗುತ್ತವೆ. ಹಾಗಾಗಿ ತಿನ್ನುವುದು, ಕುಡಿಯುವುದು, ರಾತ್ರಿ ತಿರುಗುವುದು ಇವುಗಳ ಬಗ್ಗೆ ಬಂದ ಪತ್ರಗಳನ್ನು ಸಂಪಾದಕರು ನನ್ನ ಕಡೆ ತಳ್ಳಿದ್ದಾರೆ.

ಕಲಬುರಗಿಯಿಂದ ವರ್ಗವಾಗಿ ಬಂದು ಮೂರು ತಿಂಗಳಾಯ್ತು. ಹಂಪನಕಟ್ಟೆ ಹತ್ತಿರ ರೂಮು. ಕೆಲಸ ಮುಗಿಯುವಾಗ ರಾತ್ರಿ ಹತ್ತೂವರೆ. ಅಷ್ಟರಲ್ಲಿ ಹೋಟೆಲುಗಳ ಶಟರ್ ಅರ್ಧ ಇಳಿದಿರುತ್ತದೆ. ಇಷ್ಟು ದೊಡ್ಡ ಊರಿನಲ್ಲಿ ನೈಟ್‌ಲೈಫೇ ಇಲ್ವಾ ಸಾರ್?
— ಬ್ಯಾಂಕ್ ನೌಕರ, ಮಂಗಳೂರು

ಉಂಟು ಮಾರಾಯ್ರೇ. ನೀವು ಹುಡುಕುವ ಹೊತ್ತು ತಪ್ಪು. ನಮ್ಮ ಊರಿನ ರಾತ್ರಿ ಸಂಜೆ ನಾಲ್ಕಕ್ಕೇ ಶುರುವಾಗುತ್ತದೆ. ಆಗ ಗೋಳಿಬಜೆಯ ಮೊದಲ ಬಾಣಲೆ ಇಳಿಯುತ್ತದೆ. ಆರಕ್ಕೆ ತಣ್ಣೀರುಬಾವಿ, ಪಣಂಬೂರು ಕಡಲತೀರದಲ್ಲಿ ಚರ್ಮುರಿ. ಏಳೂವರೆಗೆ ಬಾರುಗಳಲ್ಲಿ ಮೊದಲ ಗಿರಾಕಿ, ಒಂಬತ್ತಕ್ಕೆ ಊಟ. ಹತ್ತೂವರೆಗೆ ನೀವು ಬರುವಾಗ ಅಡುಗೆಯವ ಒಲೆ ಆರಿಸಿ ಕೈ ತೊಳೆಯುತ್ತಿರುತ್ತಾನೆ. ಕೊನೆಯ ಸಿಟಿ ಬಸ್ಸು ಹೋದ ಮೇಲೆ ಗಿರಾಕಿಯೂ ಇಲ್ಲ, ಮನೆಗೆ ಹೋಗಲು ಹುಡುಗರಿಗೆ ದಾರಿಯೂ ಇಲ್ಲ. ಅವರ ಬಸ್ಸು ತಪ್ಪಿಸಿ ಆಟೋಗೆ ದುಡ್ಡು ಕೊಟ್ಟ ರಾತ್ರಿಗಳು ನನ್ನ ಪುಸ್ತಕದಲ್ಲಿ ಸಾಕಷ್ಟಿವೆ. ಧಣಿಗಳಿಗೆ ಆ ಸಾಲು ಕಂಡರೆ ಆಗುತ್ತಿರಲಿಲ್ಲ.

ಆದರೆ ಒಂದು ಗುಟ್ಟು ಹೇಳ್ತೇನೆ. ಶಟರ್ ಅರ್ಧ ಇಳಿದಿದ್ದರೆ ಹೋಟೆಲು ಮುಚ್ಚಿದೆ ಅಂತ ಅಲ್ಲ, ಒಳಗೆ ಸಪ್ಲಾಯರ್‌ಗಳು ತಮ್ಮ ಊಟಕ್ಕೆ ಕೂರುವ ಹೊತ್ತು ಅಂತ. ಬಗ್ಗಿ ನೋಡಿ, ‘ಅಣ್ಣ, ಊಟ ಏನಾದ್ರೂ ಉಂಟಾ?’ ಅಂತ ಕೇಳಿ. ಕುಚ್ಚಲಕ್ಕಿ ಅನ್ನ, ಮಧ್ಯಾಹ್ನದ ಬಂಗುಡೆ ಸಾರು, ಅದೃಷ್ಟ ಇದ್ದರೆ ಒಂದು ತುಂಡು ಮೀನು ಸಿಕ್ಕೀತು. ‘ಮೆನು ಕೊಡಿ’ ಅಂದಿರೋ, ‘ಕ್ಲೋಸ್ ಆಯ್ತು’ ಅನ್ನುತ್ತಾರೆ. ಹೇಳಿಡುತ್ತೇನೆ, ರಾತ್ರಿಯ ಬಂಗುಡೆ ಸಾರು ಮಧ್ಯಾಹ್ನದ್ದಕ್ಕಿಂತ ರುಚಿ. ಹುಳಿ, ಮೆಣಸು ಆಗ ಮೀನಿನೊಳಗೆ ಇಳಿದಿರುತ್ತದೆ.

ಇನ್ನು ನಡುರಾತ್ರಿಯ ಮೇಲೆ. ನಿಜವಾದ ನೈಟ್‌ಲೈಫ್ ನೋಡಬೇಕಾದರೆ ಒಂದು ಶನಿವಾರ ಯಕ್ಷಗಾನಕ್ಕೆ ಹೋಗಿ. ದೀಪಾವಳಿ ಕಳೆದ ಮೇಲೆ ಮೇಳಗಳು ಹೊರಡುತ್ತವೆ, ಮೇ ಕೊನೆಯ ವಾರದ ಪತ್ತನಾಜೆಗೆ, ಅಂದರೆ ತಿರುಗಾಟ ಮುಗಿಸುವ ದಿನ, ಗೆಜ್ಜೆ ಬಿಚ್ಚುತ್ತವೆ. ಹರಕೆ ಬಯಲಾಟಕ್ಕೆ ಟಿಕೆಟ್ ಇಲ್ಲ. ಆಟ ಆಡಿಸುವ ಮನೆಯವರೇ ಬಂದವರಿಗೆಲ್ಲ ಊಟ ಹಾಕುತ್ತಾರೆ, ನೀವು ಯಾರ ಕಡೆಯವರು ಅಂತ ಯಾರೂ ಕೇಳುವುದಿಲ್ಲ. ಈಗ ಕೆಲವು ಆಟ ಕಾಲಮಿತಿಯದ್ದು, ನಡುರಾತ್ರಿಗೇ ಮುಗಿಯುತ್ತದೆ. ಪೂರ್ತಿ ರಾತ್ರಿಯದ್ದಾದರೆ ಗದ್ದೆಯ ಅಂಚಿನಲ್ಲಿ ಬಲ್ಬು ಹಚ್ಚಿಕೊಂಡ ಗಾಡಿಗಳು ಇರುತ್ತವೆ. ಆಮ್ಲೆಟ್, ಚರ್ಮುರಿ, ಚಹಾ. ಎರಡು ಗಂಟೆಗೆ ಮಹಿಷಾಸುರ ಸಭೆಯ ನಡುವಿನಿಂದ ಬೊಬ್ಬೆ ಹಾಕಿಕೊಂಡು ಬರುವಾಗ ಕೈಯಲ್ಲಿ ಬಿಸಿ ಆಮ್ಲೆಟ್ ಇದ್ದರೆ, ಬೆಂಗಳೂರಿನ ಯಾವ ಪಬ್ಬೂ ಬೇಡ.

ಅದೂ ಬೇಡವಾದರೆ ದಕ್ಕೆಗೆ ಹೋಗಿ. ಬಂದರಿನ ಮೀನುಗಾರಿಕಾ ದಕ್ಕೆ. ಬೆಳಕು ಹರಿಯುವ ಮುಂಚೆಯೇ ಬೋಟುಗಳು ಖಾಲಿಯಾಗುತ್ತಿರುತ್ತವೆ. ಟ್ಯೂಬ್‌ಲೈಟ್ ಕೆಳಗೆ ಏಲಂ ಕೂಗುವವರು, ಮಂಜುಗಡ್ಡೆ ಪುಡಿ ಮಾಡುವ ಸದ್ದು, ತಲೆ ಮೇಲೆ ಬುಟ್ಟಿ ಹೊತ್ತು ‘ಸೈಡ್ ಸೈಡ್’ ಅನ್ನುವ ಹೆಂಗಸರು. ಚಪ್ಪಲಿ ಹಳೆಯದಿರಲಿ. ನಾನು ಒಮ್ಮೆ ಹೊಸ ಬೂಟಿನಲ್ಲಿ ಹೋಗಿ, ಅದನ್ನು ಎರಡು ವಾರ ಬಾಲ್ಕನಿಯ ಹೊರಗೆ ನೇತು ಹಾಕಬೇಕಾಯಿತು. ಅಲ್ಲಿನ ಚಹಾ ಗ್ಲಾಸಿನಲ್ಲಿ ಸಕ್ಕರೆ ಜಾಸ್ತಿ. ರಾತ್ರಿಯಿಡೀ ಬಲೆ ಎಳೆದವನಿಗೆ ಅಷ್ಟು ಬೇಕೇ ಬೇಕು.

60 ಎಂಎಲ್ ಅಂತ ಬಿಲ್ ಮಾಡುತ್ತಾರಲ್ಲ, ನಿಜವಾಗಿಯೂ 60 ಇರುತ್ತದಾ? ಮೊನ್ನೆ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಬೇರೆ ಸೇರಿಸಿದ್ದರು.
— ಓದುಗ, ಉಡುಪಿ

ಇದು ನನ್ನ ಖಾತೆಯ ಪ್ರಶ್ನೆ. ಒಂದು ಫುಲ್ ಬಾಟಲಿ ಅಂದರೆ 750 ಎಂಎಲ್. 60ರ ಅಳತೆಯಲ್ಲಿ ಹನ್ನೆರಡೂವರೆ ಪೆಗ್ ಬರಬೇಕು. ನಾನು ಮೊದಲು ಕೆಲಸಕ್ಕಿದ್ದ ಜಾಗ ಬೇರೆ. ಅಲ್ಲಿ ತಿಂಗಳ ಕೊನೆಗೆ ಸ್ಟಾಕ್ ತಾಳೆ ಹಾಕುವಾಗ ಬಾಟಲಿಗೆ ಹದಿಮೂರೂವರೆ ಬೀಳುತ್ತಿತ್ತು. ನಾನು ಹೊಸಬ. ನನ್ನ ಲೆಕ್ಕವೇ ತಪ್ಪು ಅಂತ ಮೂರು ರಾತ್ರಿ ಕೂತು ಕೂಡಿಸಿದೆ. ಕೊನೆಗೆ ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಸ್ಟೀಲಿನ ಅಳತೆಯ ಕಪ್ಪನ್ನು ಬೋರಲು ಹಾಕಿದೆ. ತಳದಲ್ಲಿ ಹೆಬ್ಬೆರಳು ಕೂರುವಷ್ಟು ಗುಳಿ. ಯಾರೋ ಹೊರಗಿನಿಂದ ಬಡಿದು ತಳವನ್ನು ಒಳಗೆ ಉಬ್ಬಿಸಿದ್ದರು. ನಾಲ್ಕೈದು ಎಂಎಲ್ ಅಲ್ಲೇ ಹೋಗುತ್ತಿತ್ತು. ಗಿರಾಕಿಗೆ ಕಾಣುವುದು ಕಪ್ಪಿನ ಬಾಯಿ, ತಳವನ್ನು ಯಾರು ನೋಡುತ್ತಾರೆ? ಎರಡು ತಿಂಗಳಲ್ಲಿ ಆ ಕೆಲಸ ಬಿಟ್ಟೆ. ಧೈರ್ಯದಿಂದ ಬಿಟ್ಟೆ ಅನ್ನಲಾರೆ. ಬೇರೆ ಕಡೆ ಸಂಬಳ ಸ್ವಲ್ಪ ಜಾಸ್ತಿ ಇತ್ತು.

ನೀವು ಮಾಡಬೇಕಾದದ್ದು ಇಷ್ಟೇ. ಟೇಬಲ್ಲಿನ ಹತ್ತಿರವೇ ಅಳೆಯಲು ಹೇಳಿ. ಅನುಮಾನ ಇದ್ದರೆ 180ರ ಕ್ವಾರ್ಟರ್ ತರಿಸಿ, ಸೀಲ್ ನಿಮ್ಮೆದುರೇ ಒಡೆಯಲಿ. ಬಾರಿನಲ್ಲಿ ಬಾಟಲಿ ಮೇಲಿನ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳುತ್ತಾರೆ. ಫ್ಯಾನು, ಗ್ಲಾಸು, ಸಪ್ಲಾಯರ್ ಎಲ್ಲ ಅದರಲ್ಲಿ ಸೇರಿತು. ವೈನ್‌ಶಾಪಿನಲ್ಲಿ ಹಾಗೆ ತೆಗೆದುಕೊಳ್ಳುವಂತಿಲ್ಲ, ಅಲ್ಲಿ ಎಂಆರ್‌ಪಿಯೇ. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಊಟಕ್ಕೆ ಉಂಟು. ಎರಡನ್ನೂ ಕೂಡಿಸಿ ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕಿದ್ದರೆ ಪೆನ್ನು ತೆಗೆದು ಸುತ್ತು ಹಾಕಿ ವಾಪಸ್ ಕಳಿಸಿ. ಸರ್ವಿಸ್ ಚಾರ್ಜನ್ನು ಬಿಲ್ಲಿನಲ್ಲಿ ತಾವಾಗಿಯೇ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ‘ತೆಗೆಯಿರಿ’ ಅನ್ನಿ, ತೆಗೆಯುತ್ತಾರೆ. ಆ ದುಡ್ಡಿನಲ್ಲಿ ಸ್ವಲ್ಪವನ್ನು ಸಪ್ಲಾಯರ್ ಹುಡುಗನ ಕೈಗೇ ಕೊಡಿ. ಬಿಲ್ಲಿನಲ್ಲಿ ಬಂದದ್ದು ಅವನಿಗೆ ಮುಟ್ಟಿದ್ದನ್ನು ನಾನು ನೋಡಿದ್ದು ಕಡಿಮೆ.

ಕೋರಿ ರೊಟ್ಟಿ ಆರ್ಡರ್ ಮಾಡಿದೆ. ರೊಟ್ಟಿ ಹಪ್ಪಳದ ಹಾಗೆ ಗಟ್ಟಿ. ಹಳಸಿದ್ದು ಕೊಟ್ಟರಾ?
— ಪ್ರವಾಸಿ, ವಿಜಯಪುರ

ನಿಮ್ಮ ಜೋಳದ ರೊಟ್ಟಿಯನ್ನು ನೆನೆದು ಹೋಗಿದ್ದೀರಿ, ಅದೇ ಎಡವಟ್ಟು. ನಮ್ಮದು ಕುಚ್ಚಲಕ್ಕಿ ಅರೆದು ತೆಳ್ಳಗೆ ಸವರಿ ಗರಿಗರಿ ಒಣಗಿಸಿದ ರೊಟ್ಟಿ. ಅದು ಗಟ್ಟಿಯೇ ಇರಬೇಕು. ಮುರಿದು ತಟ್ಟೆಗೆ ಹಾಕಿ, ಮೇಲೆ ಕೋಳಿಯ ಗಸಿ ಸುರಿಯಿರಿ, ಎರಡು ನಿಮಿಷ ಸುಮ್ನೆ ಕೂತಿರಿ. ಅರ್ಧ ಮೆತ್ತಗೆ, ಅರ್ಧ ಗರಿಗರಿ ಇರುವಾಗ ತಿನ್ನಬೇಕು. ಗಸಿ ಮುಗಿದರೆ ಮತ್ತೆ ಕೇಳಿ, ನಾಚಿಕೆ ಬೇಡ.

ಚಿಕನ್ ಘೀ ರೋಸ್ಟ್ ಮಂಗಳೂರಿನದ್ದಲ್ವಾ?
— ಓದುಗಿ, ಮೈಸೂರು

ಅಲ್ಲ, ಕುಂದಾಪುರದ್ದು. ಅಲ್ಲಿನ ಶೆಟ್ಟಿ ಲಂಚ್ ಹೋಮ್‌ನಿಂದ ಹೊರಟು ಊರೂರು ತಿರುಗಿತು. ಬಣ್ಣ ನೋಡಿ ಹೆದರಬೇಡಿ. ಬ್ಯಾಡಗಿ ಮೆಣಸು ಬಣ್ಣ ಕೊಡುತ್ತದೆ, ಖಾರ ಅಷ್ಟಿಲ್ಲ. ತಟ್ಟೆಯ ಅಂಚಿನಲ್ಲಿ ತುಪ್ಪ ಬಿಟ್ಟುಕೊಂಡಿದ್ದರೆ ಸರಿಯಾಗಿ ಹುರಿದಿದ್ದಾರೆ ಅಂತ. ಜತೆಗೆ ನೀರುದೋಸೆ. ಪರೋಟ ಹೇಳಿದರೆ ನಮ್ಮ ಅಡುಗೆಯವ ಒಳಗಿಂದಲೇ ಬೈಯುತ್ತಿದ್ದ.

ನಮ್ಮ ಕಡೆ ಕಳ್ಳು ನಿಂತು ವರ್ಷಗಳೇ ಆದವು. ನಿಮ್ಮಲ್ಲಿ ಸಿಗುತ್ತದೆ ಅಂತಾರೆ. ಯಾವಾಗ ಕುಡಿದರೆ ಒಳ್ಳೆಯದು?
— ತೆಂಗು ಬೆಳೆಗಾರ, ಮಂಡ್ಯ

ಸಿಗುತ್ತದೆ. ರಾಜ್ಯದಲ್ಲಿ ಸಾರಾಯಿ 2007ರಲ್ಲಿ ನಿಂತಿತು. ಕಳ್ಳು ಮಾತ್ರ ದಕ್ಷಿಣ ಕನ್ನಡ, ಉಡುಪಿಯಲ್ಲಿ ಉಳಿದುಕೊಂಡಿದೆ. ನಾವು ಶೇಂದಿ ಅನ್ನುತ್ತೇವೆ. ಇಳಿಸುವವರು ಮೂರ್ತೆದಾರರು. ಅರಳದ ಹೊಂಬಾಳೆಯನ್ನು ಬಿಗಿದು ಕಟ್ಟಿ, ದಿನಾ ತಟ್ಟಿ, ತುದಿ ತೆಳ್ಳಗೆ ಕೊಯ್ದು, ಮಡಕೆ ಕಟ್ಟಿ ಇಳಿಯುತ್ತಾರೆ. ಬೆಳಿಗ್ಗೆ, ಸಂಜೆ ಮತ್ತೆ ಹತ್ತಬೇಕು. ಬೆಳಿಗ್ಗೆ ಇಳಿಸಿದ್ದು ಸಿಹಿ. ಮಧ್ಯಾಹ್ನದ ಹೊತ್ತಿಗೆ ನೊರೆ ಏಳುತ್ತದೆ, ಸಂಜೆಗೆ ಹುಳಿ ಹಿಡಿಯುತ್ತದೆ, ಮತ್ತೂ ಇಟ್ಟರೆ ವಿನೆಗರ್. ಬೆಳಿಗ್ಗೆ ಹತ್ತಕ್ಕೆ ಕುಡಿದವನ ಹತ್ತಿರ ಕಳ್ಳಿನ ರುಚಿ ಕೇಳಿ, ಸಂಜೆ ಏಳಕ್ಕೆ ಕುಡಿದವನ ಹತ್ತಿರ ಬರೀ ಕಿಕ್ಕಿನ ಸುದ್ದಿ.

ಪಾರ್ಸೆಲ್ ಒಯ್ಯುವುದಾದರೆ ಮುಚ್ಚಳ ಬಿಗಿ ಮಾಡಬೇಡಿ. ಒಂದು ಮೇ ತಿಂಗಳು ಮೂಡುಬಿದಿರೆಯ ಭಾವನಿಗೆ ಅಂತ ಎರಡು ಬಾಟಲಿ ಬಿಗಿಯಾಗಿ ಮುಚ್ಚಿ ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟೆ. ಒಳಗೆ ಅದು ಹುದುಗುತ್ತಲೇ ಇರುತ್ತದಲ್ಲ, ಗ್ಯಾಸಿಗೆ ಜಾಗ ಬೇಕು. ಗುರುಪುರ ದಾಟುವಾಗ ಢಬ್ ಅಂತ ಶಬ್ದ. ಟಯರ್ ಹೋಯ್ತು ಅಂದುಕೊಂಡು ಇಳಿದು ಎರಡೂ ಚಕ್ರ ಒತ್ತಿ ನೋಡಿದೆ. ಅಷ್ಟರಲ್ಲಿ ಎರಡನೆಯದೂ ಹೋಯ್ತು. ಡಿಕ್ಕಿಯಲ್ಲಿದ್ದ ಆರ್‌ಸಿ ಪುಸ್ತಕಕ್ಕೆ ಇವತ್ತಿಗೂ ಶೇಂದಿ ವಾಸನೆ.

ಕುಡಿಯುವ ಮನಸ್ಸಿಲ್ಲದವರು ಕ್ರೈಸ್ತರ ಮನೆಯ ‘ಸಣ್ಣ’ ಅನ್ನುವ ಇಡ್ಲಿಯಂಥ ತಿಂಡಿ ತಿಂದು ನೋಡಿ. ಅದರ ಹಿಟ್ಟು ಹಿಂದಿನಿಂದಲೂ ಉಬ್ಬುತ್ತಿದ್ದದ್ದು ಶೇಂದಿಯಿಂದಲೇ. ಪೋರ್ಕ್ ಬಫತ್ ಜತೆ ಆದರಂತೂ ಮಾತಿಲ್ಲ.

ಜೂನ್ ಕೊನೆಗೆ ಗೆಳೆಯರೆಲ್ಲ ಸೇರಿ ಮೀನು ತಿನ್ನಲಿಕ್ಕೆಂದೇ ಮಂಗಳೂರಿಗೆ ಬರುತ್ತಿದ್ದೇವೆ. ಏನು ತಿನ್ನಬೇಕು?
— ಐದು ಜನ ಗೆಳೆಯರು, ಶಿವಮೊಗ್ಗ

ಆಗಸ್ಟ್ ದಾಟಿ ಬನ್ನಿ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ. ಆಗ ತಟ್ಟೆಗೆ ಬರುವ ಅಂಜಲ್ ಐಸಿನಲ್ಲಿ ಮಲಗಿದ್ದದ್ದು, ಇಲ್ಲವೇ ಬೇರೆ ಕಡೆಯಿಂದ ಲಾರಿಯಲ್ಲಿ ಬಂದದ್ದು. ಬೆಲೆ ಮಾತ್ರ ತಾಜಾ. ಟಿಕೆಟ್ ಆಗಿಯೇ ಹೋಗಿದ್ದರೆ ನಾಡದೋಣಿಯವರು ತಂದದ್ದು ಉಂಟಾ ಕೇಳಿ, ನದಿಯ ಮೀನು ಕೇಳಿ. ಎರಡೂ ಇಲ್ಲದಿದ್ದರೆ ಒಣಮೀನಿನ ಚಟ್ನಿ, ಪತ್ರೊಡೆ. ಮಳೆಗಾಲದ ಊಟ ಅಂದರೆ ಅದೇ. ಐದು ಜನ ಸೇರಿ ಬಂದು ಫ್ರೀಜರಿನ ಕಾಣೆ ತಿಂದು ‘ಮಂಗಳೂರಿನ ಮೀನು ಇಷ್ಟೇನಾ’ ಅಂತ ಹೇಳಿಕೊಂಡು ಹೋಗಬೇಡಿ.

ಮಗಳು ದೇರಳಕಟ್ಟೆಯಲ್ಲಿ ಓದುತ್ತಿದ್ದಾಳೆ. ಶನಿವಾರ ಗೆಳತಿಯರ ಜೊತೆ ಪಬ್ಬಿಗೆ ಹೋಗುತ್ತಾಳಂತೆ. ಬೈಯಲಾ, ಸುಮ್ಮನಿರಲಾ? ಹಿಂದೆ ಅಲ್ಲಿ ನಡೆದದ್ದು ನೆನಪಾಗಿ ನಿದ್ದೆ ಬರುವುದಿಲ್ಲ.
— ಒಬ್ಬ ತಾಯಿ, ದಾವಣಗೆರೆ

ಅಕ್ಕಾ, ನಿಮ್ಮ ಹೆದರಿಕೆ ಸುಳ್ಳಲ್ಲ. 2009ರ ಜನವರಿಯಲ್ಲಿ ಇಲ್ಲಿ ಒಂದು ಪಬ್ಬಿಗೆ ನುಗ್ಗಿ ಹುಡುಗಿಯರಿಗೆ ಹೊಡೆದರು. ದೇಶವೆಲ್ಲ ಟಿವಿಯಲ್ಲಿ ನೋಡಿತು. ಆರೋಪಿಗಳು 2018ರಲ್ಲಿ ಖುಲಾಸೆಯಾದರು. ಅದಾದ ಮೇಲೆ ಎಷ್ಟೋ ದಿನ ನಮ್ಮ ಫ್ಯಾಮಿಲಿ ರೂಮು ಖಾಲಿ ಇತ್ತು. ಗಂಡ ಹೆಂಡತಿ ಊಟಕ್ಕೆ ಬಂದರೂ ಬಾಗಿಲ ಕಡೆ ನೋಡುತ್ತಾ ತಿನ್ನುತ್ತಿದ್ದರು. ತಪ್ಪು ಹೊಡೆದವರದ್ದು, ಕೂತು ತಿಂದವರದ್ದಲ್ಲ. ಇದು ಗಲ್ಲೆಯಲ್ಲಿ ಕೂತವನ ಅಭಿಪ್ರಾಯ, ಯಾರಿಗಾದರೂ ಬೇಜಾರಾದರೆ ಆಗಲಿ.

ಬೈದರೆ ಹೋಗುವುದನ್ನು ನಿಲ್ಲಿಸುವುದಿಲ್ಲ, ಹೇಳುವುದನ್ನು ನಿಲ್ಲಿಸುತ್ತಾಳೆ. ವಾಪಸ್ ಹೇಗೆ ಬರುತ್ತೀ ಅಂತ ಮಾತ್ರ ಕೇಳಿ. ಊರಿನ ಪಬ್ಬಿನಿಂದ ದೇರಳಕಟ್ಟೆಗೆ ನೇತ್ರಾವತಿ ಸೇತುವೆ ದಾಟಿ ಹೋಗಬೇಕು. ಬಸ್ಸು ನಿಂತ ಮೇಲೆ ದಾರಿ ಉದ್ದ ಅನಿಸುತ್ತದೆ. ಬಸ್ಸು ಇರುವಾಗಲೇ ಹೊರಡಲಿ, ಇಲ್ಲವಾದರೆ ಗೊತ್ತಿರುವ ಆಟೋದವರ ನಂಬರ್ ಇರಲಿ. ಕುಡಿದವನ ಬೈಕು ಹತ್ತುವುದು ಬೇಡ, ಅವನು ಎಷ್ಟೇ ಒಳ್ಳೆಯ ಹುಡುಗನಾಗಲಿ. ಏನಾದರೂ ಆದರೆ 112. ನಿಮಗೆ ನಿದ್ದೆ ಬರದಿದ್ದರೆ ರೂಮಿಗೆ ಮುಟ್ಟಿದ ಕೂಡಲೇ ಒಂದು ಮೆಸೇಜ್ ಹಾಕಲು ಹೇಳಿ. ನನ್ನ ಮಗಳು ಬರೀ ಒಂದು ಚುಕ್ಕಿ ಕಳಿಸುತ್ತಿದ್ದಳು. ಅಷ್ಟೇ ಸಾಕಾಗುತ್ತಿತ್ತು.

ರಾತ್ರಿಯಿಡೀ ಅಷ್ಟೆಲ್ಲ ತಿಂಡಿ ನೋಡಿ, ಡ್ಯೂಟಿ ಮುಗಿಸಿ ನೀವು ಏನು ತಿನ್ನುತ್ತಿದ್ದಿರಿ?
— ಕುತೂಹಲಿ, ಕಾರ್ಕಳ

ಗಂಜಿ. ಬೇರೆ ಏನೂ ಸೇರುತ್ತಿರಲಿಲ್ಲ. ಮನೆ ಮುಟ್ಟುವಾಗ ಹನ್ನೆರಡೂಕಾಲು. ಶರಟಿಗೆ ತುಪ್ಪ, ಬೆಳ್ಳುಳ್ಳಿ, ಸಿಗರೇಟಿನ ವಾಸನೆ. ಹೆಂಡತಿ ಅದನ್ನು ಒಳಗೆ ತರಲು ಬಿಡುತ್ತಿರಲಿಲ್ಲ, ಜಗಲಿಯ ಮೊಳೆಗೆ ನೇತು ಹಾಕಿಯೇ ಒಳಗೆ ಬರಬೇಕು. ಕುಚ್ಚಲಕ್ಕಿಯ ತಣ್ಣಗಿನ ಗಂಜಿ, ಮಿಡಿ ಉಪ್ಪಿನಕಾಯಿ, ಕೆಲವೊಮ್ಮೆ ಸುಟ್ಟ ಒಣಮೀನು. ನಿವೃತ್ತಿಯಾದ ದಿನ ಧಣಿಗಳು ನನಗೆ ಅಂತ ಒಂದು ಪ್ಲೇಟ್ ಘೀ ರೋಸ್ಟ್ ಪಾರ್ಸೆಲ್ ಕಟ್ಟಿಸಿದರು. 29 ವರ್ಷದಲ್ಲಿ ಅದಕ್ಕೆ ಬಿಲ್ ಮಾಡಿದ್ದೇ ಹೊರತು ತಿಂದಿರಲಿಲ್ಲ. ಅವತ್ತೂ ಹೆಂಡತಿಯೇ ತಿಂದಳು. ಉಪ್ಪು ಸ್ವಲ್ಪ ಜಾಸ್ತಿ ಅಂದಳು.