ಬಾಡಿಗೆ ಸ್ಟೇಡಿಯಂ ಕೊಳ್ಳಬೇಕಾ, ಬೇಡವಾ: ಮೇಲೆ ಕೇಳಿದವರಿಗೆ

ಸರ್, ಇಟಲಿಯ ಮಿಲಾನ್ ನಗರದ ಸ್ಯಾನ್ ಸಿರೋ ಸ್ಟೇಡಿಯಂ ಮಾರಾಟದ ಸುದ್ದಿ ಹಾಕಿ ನೀವು ಕೇಳಿದ್ದು ಇಷ್ಟು: ಎಸಿ ಮಿಲಾನ್, ಇಂಟರ್ ಎಂಬ ಅಲ್ಲಿನ ಎರಡೂ ಫುಟ್‌ಬಾಲ್ ಕ್ಲಬ್ಬುಗಳು ದಶಕಗಟ್ಟಲೆ ನಗರಪಾಲಿಕೆಗೆ ಬಾಡಿಗೆ ಕಟ್ಟಿಕೊಂಡೇ ಯುರೋಪಿನ ಕಪ್ ಎತ್ತಿವೆ, ಈಗ 19.7 ಕೋಟಿ ಯೂರೋ ಸುರಿದು ಆ ಹಳೇ ಕಟ್ಟಡ ಕೊಳ್ಳುವ ಬದಲು ಗೋಲ್ ಹೊಡೆಯುವ ಒಬ್ಬ ಒಳ್ಳೇ ಸ್ಟ್ರೈಕರ್ ತರಬಾರದಿತ್ತೇ ಅಂತ. ಕೆಳಗೆ ಉತ್ತರ ಕೊಟ್ಟವರೆಲ್ಲ ಹೆಚ್ಚುಕಡಿಮೆ "ಬಾಡಿಗೆ ಮನೆಗಿಂತ ಸ್ವಂತ ಮನೆ ಮೇಲು" ಅಂದುಬಿಟ್ಟಿದ್ದಾರೆ. ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ಉತ್ತರ ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ಸ್ಟ್ರೈಕರ್ ವಿಷಯ ಮೊದಲು ಮುಗಿಸಿಬಿಡೋಣ. 19.7 ಕೋಟಿ ಎರಡು ಕ್ಲಬ್ಬಿಗೆ ಹಂಚಿದರೆ ಒಂದೊಂದಕ್ಕೆ ಹತ್ತು ಕೋಟಿ ಯೂರೋದ ಹತ್ತಿರ. ಈಗಿನ ರೇಟಿಗೆ ಅಷ್ಟರಲ್ಲಿ ಒಬ್ಬ ಹೆಸರಾಂತ ಆಟಗಾರ ಬಂದಾನು, ನಿಜ. ಆದರೆ ಆ ಎರಡೂ ಒಂದೇ ಜೇಬಿನ ದುಡ್ಡಲ್ಲ. ನೆಲ, ಕಟ್ಟಡ ಅಡವಿಟ್ಟರೆ ಬ್ಯಾಂಕು ಇಪ್ಪತ್ತು ಮೂವತ್ತು ವರ್ಷಕ್ಕೆ ಸಾಲ ಕೊಡುತ್ತೆ. ಆಟಗಾರನ ಮೊಣಕಾಲು ನಂಬಿ ಅಷ್ಟು ದೀರ್ಘ ಸಾಲ ಯಾರೂ ಕೊಡಲ್ಲ. ನಿಯಮಗಳಲ್ಲೂ ಎರಡಕ್ಕೂ ಬೇರೆ ಬೇರೆ ಖಾನೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ 3 ವರ್ಷಕ್ಕೆ 10.5 ಕೋಟಿ ಪೌಂಡ್ ನಷ್ಟ ದಾಟಬಾರದು ಅಂತ ತಂದ ಮಿತಿಯಲ್ಲಿ ಸ್ಟೇಡಿಯಂ ಸವಕಳಿಯನ್ನು (ಕಟ್ಟಡ ಹಳೆಯದಾದಂತೆ ವರ್ಷವರ್ಷ ಇಳಿಯುವ ಬೆಲೆ) ಲೆಕ್ಕಕ್ಕೇ ಹಿಡಿಯಲಿಲ್ಲ. ಯುಇಎಫ್‌ಎ (ಯುರೋಪಿನ ಫುಟ್‌ಬಾಲ್ ನಡೆಸುವ ಸಂಸ್ಥೆ) ಈಗ ಆಟಗಾರರ ಸಂಬಳ, ಖರೀದಿ, ಏಜೆಂಟರ ಕಮಿಷನ್ ಎಲ್ಲ ಸೇರಿ ಆದಾಯದ ಶೇ. 70ರೊಳಗೆ ಇರಬೇಕು ಅನ್ನುತ್ತೆ. ಅಂದರೆ ಆದಾಯ ಹಿಗ್ಗಿದರೆ ಮಾತ್ರ ಸಂಬಳದ ಮಿತಿಯೂ ಹಿಗ್ಗುತ್ತೆ. ಟಿವಿ ಹಕ್ಕಿನ ದುಡ್ಡು ಒಂದು ಕ್ಲಬ್ಬಿನ ಕೈಯಲ್ಲಿಲ್ಲ, ಸ್ಟೇಡಿಯಂ ದುಡ್ಡು ಇದೆ. ಹಾಗಾಗಿ ಸ್ಟೇಡಿಯಂ ಬೇಕೋ ಸ್ಟ್ರೈಕರ್ ಬೇಕೋ ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಸ್ಟೇಡಿಯಂನಿಂದ ಬರುವ ದುಡ್ಡಿನಲ್ಲೇ ಮುಂದಿನ ಸ್ಟ್ರೈಕರ್ ಬರಬೇಕು.

ಇನ್ನೊಂದು, ಅವರು ಕೊಂಡಿದ್ದು ಹಳೇ ಕಟ್ಟಡವನ್ನಲ್ಲ, ಅದನ್ನು ಕೆಡವುವ ಹಕ್ಕನ್ನು. ನಗರಸಭೆಯಲ್ಲಿ ರಾತ್ರಿಯಿಡೀ ಚರ್ಚೆ ನಡೆದು 2025ರ ಸೆಪ್ಟೆಂಬರ್ 30ರ ಬೆಳಗಿನ ಜಾವ 24-20 ಮತಗಳಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು, ನವೆಂಬರ್ 5ಕ್ಕೆ ಕ್ರಯಪತ್ರಕ್ಕೆ ಸಹಿ ಬಿತ್ತು. ಅಷ್ಟು ಅವಸರ ಯಾಕೆಂದರೆ ಸ್ಟೇಡಿಯಂನ ಎರಡನೇ ಅಂತಸ್ತು ಮುಗಿದಿದ್ದು 1955ರಲ್ಲಿ, ನವೆಂಬರ್ 10ಕ್ಕೆ ಅದಕ್ಕೆ 70 ವರ್ಷ ತುಂಬಿದರೆ ಪಾರಂಪರಿಕ ಕಟ್ಟಡದ ರಕ್ಷಣೆ ಬಂದುಬಿಡುತ್ತಿತ್ತು, ಆಮೇಲೆ ಮುಟ್ಟೋ ಹಾಗಿಲ್ಲ. ಈಗಿನ ಯೋಜನೆ ಪಕ್ಕದಲ್ಲೇ 71,500 ಆಸನದ ಹೊಸದನ್ನು ಕಟ್ಟಿ ಹಳೆಯದರ ಬಹುಭಾಗ ಕೆಡವುವುದು. ಮರಾಮತ್ತು ಯಾವಾಗ, ಯಾರು ಮಾಡಬೇಕು ಅಂತ ತೀರ್ಮಾನ ಆಗದೆ 2027ರ ಚಾಂಪಿಯನ್ಸ್ ಲೀಗ್ ಫೈನಲ್ಲೇ ಅಲ್ಲಿಂದ ಕೈತಪ್ಪಿತು. ಬಾಡಿಗೆದಾರನ ನಿಜವಾದ ಕಷ್ಟ ಇದು. ಬಾಡಿಗೆ ಕಡಿಮೆಯೇ ಇರಬಹುದು, ಆದರೆ ಒಂದು ಗೋಡೆ ಒಡೆಯಬೇಕಾದರೂ ಇನ್ನೊಬ್ಬರ ಸಭೆ ಸೇರಬೇಕು. ಅಂದಹಾಗೆ, 1926ರಲ್ಲಿ ಇದನ್ನು ಕಟ್ಟಿಸಿದ್ದು ಮಿಲಾನ್ ಕ್ಲಬ್ಬಿನ ಆಗಿನ ಅಧ್ಯಕ್ಷ ಪಿಯೆರೊ ಪಿರೆಲ್ಲಿ. ನಗರಪಾಲಿಕೆ ಪಾಲಾಗಿದ್ದು 1935ರಲ್ಲಿ.

ಈಗ ಬಾಡಿಗೆ ಮನೆ, ಸ್ವಂತ ಮನೆ ಹೋಲಿಕೆಗೆ ಬರೋಣ. ಅದು ಇಲ್ಲಿ ಕೂರಲ್ಲ. ಮನೆಯಲ್ಲಿ ವರ್ಷವಿಡೀ ವಾಸ ಇರ್ತೀವಿ. 20 ತಂಡದ ಲೀಗಿನಲ್ಲಿ ತವರಿನ ಪಂದ್ಯ 19, ಕಪ್ ಪಂದ್ಯಗಳನ್ನು ಸೇರಿಸಿದರೂ ಮೂವತ್ತರ ಆಸುಪಾಸು. ಉಳಿದ ಮುನ್ನೂರು ಚಿಲ್ಲರೆ ದಿನ ಆ ಜಾಗದಲ್ಲಿ ಸಂಗೀತ ಕಾರ್ಯಕ್ರಮ, ಸಮ್ಮೇಳನ, ಸ್ಟೇಡಿಯಂ ಟೂರ್ ಏನೇನು ನಡೆಯುತ್ತೆ, ಆ ದುಡ್ಡು ಯಾರಿಗೆ ಹೋಗುತ್ತೆ ಅನ್ನೋದು ಮುಖ್ಯ. ಪಂದ್ಯದ ದಿನವೂ ಅಷ್ಟೇ, ಟಿಕೆಟ್ ದುಡ್ಡು ಕ್ಲಬ್ಬಿಗೆ ಬಂದರೂ ಊಟ-ಪಾನೀಯ, ಕಾರ್ಪೊರೇಟ್ ಬಾಕ್ಸ್, ಪಾರ್ಕಿಂಗ್, ಸ್ಟೇಡಿಯಂ ಹೆಸರಿಡುವ ಹಕ್ಕು ಇವು ಒಪ್ಪಂದದಲ್ಲಿ ಯಾರ ಕಡೆ ಇವೆ? ಕೊಳ್ಳುವ ಮಾತಿಗೆ ಮೊದಲು ನೋಡಬೇಕಾದದ್ದು ಆ ಪುಟ.

ಇದನ್ನು ಅರ್ಥ ಮಾಡಿಕೊಳ್ಳೋಕೆ ಇಂಗ್ಲೆಂಡಿನ ಕೊವೆಂಟ್ರಿ ಸಿಟಿ ಕ್ಲಬ್ಬಿನ ಕಥೆಗಿಂತ ಒಳ್ಳೇ ಪಾಠ ಇಲ್ಲ. ಹೈಫೀಲ್ಡ್ ರೋಡ್ ಅಂತ ಅವರದೇ ಮೈದಾನ ಇತ್ತು. ಅದನ್ನು ಮಾರಿ 2005ರಲ್ಲಿ 32 ಸಾವಿರ ಆಸನದ ಹೊಸ ರಿಕೋ ಅರೀನಾಗೆ ಬಾಡಿಗೆಗೆ ಹೋದರು. ಹೊಸ ಸ್ಟೇಡಿಯಂನಲ್ಲಿ ತಮಗೆ ಬರಬೇಕಿದ್ದ ಪಾಲನ್ನೂ ಸಾಲದ ಒತ್ತಡಕ್ಕೆ ಮೊದಲೇ ಮಾರಿಕೊಂಡಿದ್ದರು. ಬಾಡಿಗೆ ವರ್ಷಕ್ಕೆ 12 ಲಕ್ಷ ಪೌಂಡಿನ ಮೇಲೆ. ತಿಂಡಿ, ಬಿಯರ್ ಮಾರಿದ ದುಡ್ಡು ಬೇರೆಯವರಿಗೆ. 2012ರಲ್ಲಿ ತಂಡ ಪಟ್ಟಿಯ ತಳಕ್ಕಿಳಿದು ಮೂರನೇ ಹಂತದ ಲೀಗಿಗೆ ಬಿತ್ತು, ಜನ ಕಡಿಮೆಯಾದರು, ಬಾಡಿಗೆ ಮಾತ್ರ ಹಾಗೇ. ಕ್ಲಬ್ಬು ಬಾಡಿಗೆ ನಿಲ್ಲಿಸಿತು, ಕೋರ್ಟು ಕಚೇರಿ ಶುರುವಾಯಿತು, ಕೊನೆಗೆ 2013ರಲ್ಲಿ ಊರು ಬಿಟ್ಟು ಸುಮಾರು 55 ಕಿಲೋಮೀಟರ್ ದೂರದ ನಾರ್ತಾಂಪ್ಟನ್‌ನ ಸಿಕ್ಸ್‌ಫೀಲ್ಡ್ಸ್‌ನಲ್ಲಿ "ತವರಿನ" ಪಂದ್ಯ ಆಡಿದರು. ಅಭಿಮಾನಿಗಳಲ್ಲಿ ಒಂದಷ್ಟು ಜನ ಅಲ್ಲಿಗೂ ಹೋದರು, ಆದರೆ ಟಿಕೆಟ್ ತಗೊಳ್ಳಲಿಲ್ಲ. ಒಳಗೆ ಒಂದು ಪೈಸೆ ಕೊಡಲ್ಲ ಅಂತ ಹೊರಗಿನ ದಿಬ್ಬದ ಮೇಲೆ ನಿಂತು ಕಾಣಿಸಿದಷ್ಟು ಆಟ ನೋಡಿದರು. ಆ ದಿಬ್ಬಕ್ಕೆ ಹಳೇ ಮ್ಯಾನೇಜರ್ ಜಿಮ್ಮಿ ಹಿಲ್ ಹೆಸರು ಹಿಡಿದು "ಜಿಮ್ಮೀಸ್ ಹಿಲ್" ಅಂತ ಕರೆದರು.

ಇಲ್ಲಿಗೆ ನಿಲ್ಲಿಸಿದರೆ "ನೋಡಿ, ಸ್ವಂತದ್ದೇ ಇರಬೇಕಿತ್ತು" ಅಂತ ಆಗುತ್ತೆ. ಮುಂದಕ್ಕೆ ಕೇಳಿ. ಕ್ಲಬ್ಬು ವಾಪಸ್ ಬರುವ ಹೊತ್ತಿಗೆ, 2014ರಲ್ಲಿ, ಆ ಸ್ಟೇಡಿಯಂ ನಡೆಸುತ್ತಿದ್ದ ಕಂಪನಿಯನ್ನು ವಾಸ್ಪ್ಸ್ ಎಂಬ ರಗ್ಬಿ ಕ್ಲಬ್ಬು ಕೊಂಡಿತು. ಮರುವರ್ಷ ಸ್ಟೇಡಿಯಂ ಆಧಾರವಾಗಿಟ್ಟು 3.5 ಕೋಟಿ ಪೌಂಡಿನ ಬಾಂಡ್ (ಜನರಿಂದ ಸಾಲ ಎತ್ತುವ ಪತ್ರ) ಬಿಟ್ಟರು. 2022ರಲ್ಲಿ ಬಾಂಡ್ ತೀರಿಸುವ ಗಡುವು ಬಂದಾಗ ಕೈಯಲ್ಲಿ ದುಡ್ಡಿರಲಿಲ್ಲ, ಆ ವರ್ಷದ ಅಕ್ಟೋಬರ್‌ನಲ್ಲಿ ವಾಸ್ಪ್ಸ್ ದಿವಾಳಿ ಪ್ರಕ್ರಿಯೆಗೆ ಹೋಯಿತು. ಉದ್ಯಮಿ ಮೈಕ್ ಆಶ್ಲಿಯ ಫ್ರೇಸರ್ಸ್ ಗ್ರೂಪ್ 1.7 ಕೋಟಿ ಪೌಂಡಿಗೆ ಸ್ಟೇಡಿಯಂ ಹೊಡೆದುಕೊಂಡಿತು. ಕೊವೆಂಟ್ರಿ ಕ್ಲಬ್ಬಿನ ಕೈಗೆ ಅದು ಬಂದಿದ್ದು 2025ರ ಆಗಸ್ಟ್‌ನಲ್ಲಿ. ಒಂದೇ ಕಟ್ಟಡ, ಬಾಡಿಗೆದಾರನನ್ನೂ ಊರು ಬಿಡಿಸಿತು, ಸಾಲ ಮಾಡಿ ಕೊಂಡವನನ್ನೂ ಮುಳುಗಿಸಿತು.

ಬಾಡಿಗೆ ಒಪ್ಪಂದ ಚೆನ್ನಾಗಿದ್ದರೆ ಕೊಳ್ಳುವ ಗೊಡವೆಯೇ ಬೇಡ ಅನ್ನೋದಕ್ಕೂ ಉದಾಹರಣೆ ಇದೆ. ಲಂಡನ್ನಿನದೇ ವೆಸ್ಟ್ ಹ್ಯಾಮ್ ಕ್ಲಬ್ಬು 2016ರಲ್ಲಿ ಲಂಡನ್ ಒಲಿಂಪಿಕ್ ಸ್ಟೇಡಿಯಂಗೆ 99 ವರ್ಷದ ಒಪ್ಪಂದದಲ್ಲಿ ಹೋಯಿತು. ಶುರುವಿನ ಬಾಡಿಗೆ ವರ್ಷಕ್ಕೆ 25 ಲಕ್ಷ ಪೌಂಡ್, ಕೆಳಗಿನ ಲೀಗಿಗೆ ಬಿದ್ದರೆ ಅದರಲ್ಲೂ ಅರ್ಧ. ಗೋಲ್ ಕಂಬ, ಮೂಲೆ ಬಾವುಟದ ಖರ್ಚು ಕೂಡ ಸ್ಟೇಡಿಯಂ ಮಾಲೀಕರದ್ದೇ. ಆ ಒಪ್ಪಂದ ಬಹಿರಂಗ ಆದಾಗ ಲಂಡನ್ನಿನ ತೆರಿಗೆದಾರರು ಬಾಯಿ ಬಡಿದುಕೊಂಡರು. ವ್ಯಾಪಾರದ ಲೆಕ್ಕದಲ್ಲಿ ಅಂಥ ಒಪ್ಪಂದ ಬಿಟ್ಟು ಕೊಳ್ಳೋಕೆ ಹೋಗುವವನು ಹುಚ್ಚ. ಆದರೆ ಅಥ್ಲೆಟಿಕ್ಸ್‌ಗೆ ಕಟ್ಟಿದ ಸ್ಟೇಡಿಯಂನಲ್ಲಿ ಕೂತು ದೂರದಲ್ಲಿ ಚೆಂಡು ಹುಡುಕುವ ಅಭಿಮಾನಿಯನ್ನು ಕೇಳಿ, 1904ರಿಂದ ಆಡಿದ ಹಳೇ ಮೈದಾನ ಅಪ್ಟನ್ ಪಾರ್ಕ್ ಬಗ್ಗೆ ಅವನು ಬೇರೆಯೇ ಲೆಕ್ಕ ಹೇಳ್ತಾನೆ.

ಇವೆರಡರ ನಡುವೆ ಒಂದು ದಾರಿ ಇದೆ, ದೀರ್ಘ ಗುತ್ತಿಗೆ. ನನ್ನ ಪ್ರಕಾರ ಬಹಳಷ್ಟು ಕ್ಲಬ್ಬಿಗೆ ಇದೇ ಸರಿ. ಮ್ಯಾಂಚೆಸ್ಟರ್ ಸಿಟಿ ಆಡುವ ಸ್ಟೇಡಿಯಂ ಇವತ್ತಿಗೂ ನಗರಸಭೆಯದ್ದು, 2002ರ ಕಾಮನ್ವೆಲ್ತ್ ಕ್ರೀಡಾಕೂಟಕ್ಕೆ ಕಟ್ಟಿದ್ದು, ಕ್ಲಬ್ಬಿನ ಹತ್ತಿರ ಇರೋದು 250 ವರ್ಷದ ಗುತ್ತಿಗೆ. ಕೊಳ್ಳದೆಯೇ ಅವರು ಅಂತಸ್ತು ಏರಿಸಿದರು, ಹೆಸರು ಮಾರಿದರು. ಯುವೆಂಟಸ್‌ದೂ ಹಾಗೇ. 1990ರ ವಿಶ್ವಕಪ್ಪಿಗೆ ಇಟಲಿಯ ಟುರಿನ್ ನಗರದಲ್ಲಿ ಕಟ್ಟಿದ ಡೆಲ್ಲೆ ಆಲ್ಪಿ ಸ್ಟೇಡಿಯಂನಲ್ಲಿ ಅವರು ಬಾಡಿಗೆದಾರರು. 69 ಸಾವಿರ ಆಸನ, ಸುತ್ತ ಓಟದ ಟ್ರ್ಯಾಕು. 2001-02ರಲ್ಲಿ ಸಂಪ್ಡೋರಿಯಾ ವಿರುದ್ಧದ ಒಂದು ಇಟಾಲಿಯನ್ ಕಪ್ ಪಂದ್ಯಕ್ಕೆ ಬಂದಿದ್ದು 237 ಜನ! ಆಮೇಲೆ ಆ ಜಾಗದ ಮೇಲೆ 99 ವರ್ಷದ ಹಕ್ಕು ಪಡೆದು, ಹಳೆಯದನ್ನು ಕೆಡವಿ, 2011ರಲ್ಲಿ 41 ಸಾವಿರದ ಸ್ವಂತ ಸ್ಟೇಡಿಯಂ ತೆರೆದರು. ದೊಡ್ಡದನ್ನು ಬಿಟ್ಟು ಚಿಕ್ಕದಕ್ಕೆ ಹೋದರು ಅನ್ನೋದನ್ನು ಗಮನಿಸಿ. ಅದಾದ ಮೇಲೆ ಸತತ 9 ಲೀಗ್ ಗೆದ್ದಿದ್ದಕ್ಕೆಲ್ಲ ಸ್ಟೇಡಿಯಂ ಕಾರಣ ಅಂತ ನಾನು ಹೇಳಲ್ಲ, ಹಾಗೆ ಬರೆಯುವವರು ಇದ್ದಾರೆ.

ನೇರವಾಗಿ ಕೊಂಡು ಗೆದ್ದವರು ಬೇಕಾದರೆ ಇಟಲಿಯ ಅಟಲಾಂಟಾ ಕ್ಲಬ್ಬು. 2017ರಲ್ಲಿ ತಮ್ಮೂರು ಬೆರ್ಗಾಮೊದ ನಗರಪಾಲಿಕೆಯಿಂದ 86 ಲಕ್ಷ ಯೂರೋಗೆ ಸ್ಟೇಡಿಯಂ ಕೊಂಡರು. ಬೆಲೆ ನೋಡಿ, ಒಬ್ಬ ಸಾಧಾರಣ ಡಿಫೆಂಡರ್ ದುಡ್ಡು. ಆಮೇಲೆ ಒಟ್ಟಿಗೇ ಕೆಡವದೆ ಒಂದೊಂದೇ ಸ್ಟ್ಯಾಂಡ್ ಹಿಡಿದು ಕಟ್ಟಿ 2024ಕ್ಕೆ ಮುಗಿಸಿದರು. ಆಟಗಾರರನ್ನು ಮಾರಿದ ದುಡ್ಡು ಬಂದಂತೆಲ್ಲ ಕೆಲಸ ಮುಂದುವರಿಸಲು ಈ ಪದ್ಧತಿ ಅನುಕೂಲ, ಸಾಲ ಮೈಮೇಲೆ ಬರಲ್ಲ. ನಡುವೆ 2019-20ರ ಚಾಂಪಿಯನ್ಸ್ ಲೀಗಿನ ತವರಿನ ಪಂದ್ಯಗಳನ್ನು ಸ್ಯಾನ್ ಸಿರೋದಲ್ಲಿ ಆಡಬೇಕಾಯಿತು, ಅದನ್ನೂ ಸಹಿಸಿಕೊಂಡರು.

ಕ್ರಯಪತ್ರ ಯಾರ ಹೆಸರಿಗೆ ಆಗುತ್ತೆ ಅನ್ನೋದನ್ನು ನಮ್ಮ ಗುಂಪಿನಲ್ಲಿ ಯಾರೂ ಕೇಳಲಿಲ್ಲ. ನನಗೆ ಬೆಲೆಗಿಂತ ಅದೇ ದೊಡ್ಡದು. ಇಂಗ್ಲೆಂಡಿನ ಡರ್ಬಿ ಕೌಂಟಿ ಆಡುವ ಪ್ರೈಡ್ ಪಾರ್ಕ್ ಸ್ಟೇಡಿಯಂ ಕ್ಲಬ್ಬಿನದೇ ಆಗಿತ್ತು. 2018ರಲ್ಲಿ ಆಗಿನ ಮಾಲೀಕ ತನ್ನದೇ ಇನ್ನೊಂದು ಕಂಪನಿಗೆ 8.1 ಕೋಟಿ ಪೌಂಡಿಗೆ ಅದನ್ನು ಮಾರಿಸಿ ಆ ವರ್ಷದ ಲೆಕ್ಕದಲ್ಲಿ ಲಾಭ ತೋರಿಸಿದ. 2021ರಲ್ಲಿ ಕ್ಲಬ್ಬು ದಿವಾಳಿ ಅಂಚಿಗೆ ಬಂದಾಗ ಕೊಳ್ಳಲು ಬಂದವರು ಕ್ಲಬ್ಬಿಗೊಂದು, ಸ್ಟೇಡಿಯಂಗೊಂದು ಬೇರೆ ಬೇರೆ ಮಾತುಕತೆ ಮಾಡಬೇಕಾಯಿತು. ಜರ್ಮನಿಯ ಬೊರುಸ್ಸಿಯಾ ಡಾರ್ಟ್ಮುಂಡ್ ಕ್ಲಬ್ಬು ಕೂಡ ಖರ್ಚು ತೂಗಿಸಲು 2002ರಲ್ಲಿ ಸ್ಟೇಡಿಯಂ ಒಂದು ರಿಯಲ್ ಎಸ್ಟೇಟ್ ಫಂಡಿಗೆ ಮಾರಿ ಅಲ್ಲೇ ಬಾಡಿಗೆಗಿತ್ತು. 2005ರ ಮಾರ್ಚ್ 14ರಂದು ಡ್ಯೂಸೆಲ್ಡಾರ್ಫ್‌ನಲ್ಲಿ ಆ ಫಂಡಿನ ಹೂಡಿಕೆದಾರರು ಸಭೆ ಸೇರಿ ರಿಯಾಯಿತಿಗೆ ಒಪ್ಪದಿದ್ದರೆ ಕ್ಲಬ್ಬೇ ಮುಚ್ಚುವ ಸ್ಥಿತಿ. ಫುಟ್‌ಬಾಲ್ ನೋಡದ ಹೂಡಿಕೆದಾರರೂ ಅಲ್ಲಿ ಕೈ ಎತ್ತಬೇಕಿತ್ತು. 2006ರಲ್ಲಿ ಸಾಲ ಮಾಡಿ ವಾಪಸ್ ಕೊಂಡರು.

ಈ ಭಯಕ್ಕೆ ಲಂಡನ್ನಿನ ಚೆಲ್ಸಿ ಕ್ಲಬ್ಬಿನ ಕಡೆಯವರು ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. 1993ರಲ್ಲಿ ಚೆಲ್ಸಿ ಪಿಚ್ ಓನರ್ಸ್ ಅಂತ ಕಂಪನಿ ಮಾಡಿ ಅಭಿಮಾನಿಗಳಿಗೆ ಶೇರು ಮಾರಿದರು, ಸ್ಟ್ಯಾಮ್‌ಫರ್ಡ್ ಬ್ರಿಜ್ ನೆಲ ಆ ಕಂಪನಿಯದ್ದು. ಕ್ಲಬ್ಬು ಅಲ್ಲಿಂದ ಎದ್ದು ಹೋದರೆ "ಚೆಲ್ಸಿ ಫುಟ್‌ಬಾಲ್ ಕ್ಲಬ್" ಹೆಸರು ಜೊತೆಗೆ ಹೋಗೋ ಹಾಗಿಲ್ಲ. 2011ರಲ್ಲಿ ಆಗಿನ ಮಾಲೀಕ ಅಬ್ರಮೋವಿಚ್ ನೆಲ ವಾಪಸ್ ಕೇಳಿದಾಗ ಬೇಕಿದ್ದ ಶೇ. 75 ಮತ ಸಿಗಲಿಲ್ಲ. ಅಷ್ಟು ದುಡ್ಡಿದ್ದವರೂ ಸುಮ್ಮನಾಗಬೇಕಾಯಿತು.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಕೊಳ್ಳಬೇಕು, ಆದರೆ ಸಾಲದ ಕಂತಿನ ಲೆಕ್ಕ ಕೆಳಗಿನ ಲೀಗಿನ ಆದಾಯಕ್ಕೆ ಹಾಕಿ ಅದು ತೂಗಿದರೆ ಮಾತ್ರ. ಮೇಲಿನ ಲೀಗಿನ ಟಿವಿ ದುಡ್ಡು ನಂಬಿ ಕಂತು ಕಟ್ಟುವ ಕ್ಲಬ್ಬು ಒಂದೇ ಕೆಟ್ಟ ಸೀಸನ್ನಿಗೆ ಸಿಕ್ಕಿಹಾಕಿಕೊಳ್ಳುತ್ತೆ. ಬೆಲೆಯ ಮೇಲೆ ಛಾವಣಿ, ಫ್ಲಡ್‌ಲೈಟ್, ಹುಲ್ಲು, ಸುರಕ್ಷತಾ ಪ್ರಮಾಣಪತ್ರದ ಕೆಲಸ ಎಲ್ಲ ಮಾಲೀಕನ ತಲೆಗೆ ಬರುತ್ತೆ, ಅದನ್ನೂ ಸೇರಿಸಿ. ತೂಗದಿದ್ದರೆ ದೀರ್ಘ ಗುತ್ತಿಗೆ ಕೇಳಿ, ಅದರಲ್ಲಿ ಕಟ್ಟುವ ಹಕ್ಕು, ಹೆಸರಿನ ಹಕ್ಕು, ಕೆಳಗೆ ಬಿದ್ದರೆ ಬಾಡಿಗೆ ಇಳಿಕೆ ಈ ಮೂರನ್ನೂ ಬರೆಸಿಕೊಳ್ಳಿ.

ಮಿಲಾನ್, ಇಂಟರ್ ವಿಷಯದಲ್ಲಿ ನನಗಿರುವ ಅನುಮಾನ ಬೆಲೆಯದ್ದಲ್ಲ, ಇಬ್ಬರು ಸೇರಿ ಕೊಂಡಿದ್ದಾರಲ್ಲ, ಅದರದ್ದು. ಮ್ಯೂನಿಕ್‌ನಲ್ಲಿ ಬಯರ್ನ್, 1860 (ಇದೂ ಅಲ್ಲಿನ ಒಂದು ಕ್ಲಬ್ಬಿನ ಹೆಸರು) ಎರಡೂ ಅರ್ಧರ್ಧ ಪಾಲಿಗೆ 34 ಕೋಟಿ ಯೂರೋ ಖರ್ಚಿನಲ್ಲಿ ಅಲಿಯಾಂಜ್ ಅರೀನಾ ಕಟ್ಟಿದವು. ಬಾಗಿಲು ತೆರೆಯುವ ಮೊದಲೇ, 2004ರಲ್ಲಿ, 1860 ಎರಡನೇ ಲೀಗಿಗೆ ಬಿತ್ತು. 2006ರಲ್ಲಿ ತನ್ನ ಅರ್ಧ ಪಾಲನ್ನು 1.1 ಕೋಟಿ ಯೂರೋಗೆ ಬಯರ್ನ್‌ಗೇ ಬಿಟ್ಟುಕೊಟ್ಟು, ತಾನು ಕಟ್ಟಿದ ಸ್ಟೇಡಿಯಂನಲ್ಲೇ 2017ರವರೆಗೆ ಬಾಡಿಗೆಗೆ ಇತ್ತು. ಬಯರ್ನ್ 2014ಕ್ಕೇ ಪೂರ್ತಿ ಸಾಲ ತೀರಿಸಿತು. ಹಾಗಾಗಿ ಮಿಲಾನ್‌ನಲ್ಲೂ ಒಬ್ಬರಿಗೆ ಕೈಲಾಗದಿದ್ದರೆ ಪಾಲು ಯಾರಿಗೆ, ಯಾವ ಬೆಲೆಗೆ ಹೋಗುತ್ತೆ ಅಂತ ಇಬ್ಬರ ನಡುವಿನ ಒಪ್ಪಂದದಲ್ಲಿ ಏನು ಬರೆದಿದ್ದಾರೆ ಅನ್ನೋದನ್ನು ನಾನು ಹುಡುಕ್ತಾ ಇದ್ದೀನಿ. ಯಾರಾದರೂ ಅದನ್ನು ವಿವರವಾಗಿ ಓದಿದ್ದರೆ ಇಲ್ಲೇ ಕೆಳಗೆ ಹಾಕಿ.