ಬಾಡಿಗೆ ಮನೆಗೆ ಕಳ್ಳರು ನುಗ್ಗಿದ ಮೇಲೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಾವಿಲ್ಲದಾಗ ಬಾಡಿಗೆ ಮನೆಯ ಮುಂಬಾಗಿಲು ಮೀಟಿ ಕಳ್ಳತನ ಮಾಡಿದ್ದಾರೆ. ಬೀಗಕ್ಕೆ ಏನೂ ಆಗಿಲ್ಲ, ಚೌಕಟ್ಟು ಸೀಳಿದೆ. ಮಾಲೀಕರು ಅಂಟು ಹಾಕಿಸಿ ಕೊಡುತ್ತೇನೆ, ಆದರೆ ಹೊಸ ತೂತು ಕೊರೆಯಬೇಡಿ ಅನ್ನುತ್ತಾರೆ. ದುಬಾರಿ ಬೀಗ ತಂದು ಹಾಕಿದರೆ ಸಾಕೇ?

ಉತ್ತರ: ಸಾಲದು. ಬೀಗ ಗಟ್ಟಿಯಾಗಿಯೇ ಇತ್ತು, ಸೋತಿದ್ದು ಚೌಕಟ್ಟು. ಚೌಕಟ್ಟಿನಲ್ಲಿ ಬೀಗದ ಬೋಲ್ಟ್ ಹೋಗಿ ಕೂರುವ ಲೋಹದ ಪಟ್ಟಿಯನ್ನು ಬಿಚ್ಚಿ ನೋಡಿ. ಹೆಚ್ಚಿನ ಮನೆಗಳಲ್ಲಿ ಅದನ್ನು ಹಿಡಿದಿರುವುದು 15–20 ಮಿ.ಮೀ. ಉದ್ದದ ಎರಡು ಸ್ಕ್ರೂ ಮಾತ್ರ. ಹಾರೆ ಹಾಕಿ ಮೀಟಿದಾಗ ಬಲವೆಲ್ಲ ಬೀಳುವುದು ಆ ಸ್ಕ್ರೂಗಳ ಸುತ್ತ ಇರುವ ಬೆರಳಗಲದ ಮರದ ಮೇಲೆ. ಬೀಗಕ್ಕೆ ಎಷ್ಟೇ ಹಣ ಸುರಿದರೂ ಆ ಮರ ಗಟ್ಟಿಯಾಗುವುದಿಲ್ಲ.

ಬರೀ ಅಂಟು ಹಾಕಿಸುವುದಕ್ಕೆ ಒಪ್ಪಬೇಡಿ. ಬಿರುಕಿನೊಳಗೆ ಧೂಳು, ಹಳೆಯ ಬಣ್ಣ ಸೇರಿದ್ದರೆ ಅಂಟು ಹಿಡಿಯುವುದೇ ಇಲ್ಲ, ಮುಂದಿನ ಸಲ ಅದೇ ಗೆರೆಯಲ್ಲಿ ಸೀಳುತ್ತದೆ. ಬೀಗದ ಮೇಲೆ ಕೆಳಗೆ ಸೇರಿಸಿ ಸುಮಾರು 40 ಸೆಂ.ಮೀ. ಉದ್ದದ ತುಂಡನ್ನು ಕತ್ತರಿಸಿ ತೆಗೆದು ಹೊಸ ಗಟ್ಟಿಮರ ಕೂರಿಸಲು ಬಡಗಿಗೆ ಹೇಳಿ. ಆಮೇಲೆ ನಾಲ್ಕು ತೂತಿನ ಉದ್ದನೆಯ ಪಟ್ಟಿ, 75 ಮಿ.ಮೀ. ಸ್ಕ್ರೂ. ಹೇಗೂ ಹೊಸ ಮರ ಹಾಕುವುದರಿಂದ ತೂತಿನ ತಕರಾರೂ ಇರುವುದಿಲ್ಲ.

ಸ್ಕ್ರೂ ಹಾಕುವಾಗ ಕೆಲಸ ಕೆಡುವುದು ಮೂರು ಕಡೆ. 5 ಮಿ.ಮೀ. ಸ್ಕ್ರೂಗೆ ಮೊದಲೇ 3 ಮಿ.ಮೀ. ತೂತು ಕೊರೆಯದಿದ್ದರೆ ಒಣಮರ ಮತ್ತೆ ಸೀಳುತ್ತದೆ. ಹಿಂದೆ ಇಟ್ಟಿಗೆಯದೋ ಕಾಂಕ್ರೀಟಿನದೋ ಗೋಡೆಯಿದ್ದರೆ ಮರದ ಸ್ಕ್ರೂ ಅಲ್ಲಿ ಹಿಡಿಯುವುದಿಲ್ಲ. ಗೋಡೆಯ ತೂತಿನಲ್ಲಿ ಹಿಗ್ಗಿ ಹಿಡಿಯುವ ಪ್ಲಗ್ ಜೊತೆಗೇ ಬರುವ, ಗೋಡೆಯೊಳಗೆ ಕನಿಷ್ಠ 50 ಮಿ.ಮೀ. ಇಳಿಯುವಷ್ಟು ಉದ್ದದ ಚೌಕಟ್ಟಿನ ಆಂಕರ್ ಸ್ಕ್ರೂ ಬೇಕು. ಮೂರನೆಯದು, ಎಷ್ಟೋ ಬಡಗಿಗಳೂ ಮರೆಯುವಂಥದ್ದು: ಚೌಕಟ್ಟಿಗೂ ಗೋಡೆಗೂ ನಡುವೆ ಟೊಳ್ಳಿದ್ದರೆ ಸ್ಕ್ರೂ ಬಿಗಿದಂತೆ ಚೌಕಟ್ಟು ಗೋಡೆಯ ಕಡೆಗೆ ಬಾಗುತ್ತದೆ, ಬಾಗಿಲ ಸಂದು ಅಗಲವಾಗುತ್ತದೆ, ಅಂದರೆ ಹಾರೆಗೆ ಇನ್ನಷ್ಟು ಜಾಗ ಸಿಗುತ್ತದೆ. ಸ್ಕ್ರೂ ಬರುವ ಜಾಗದ ಹಿಂದೆ ಮೊದಲು ಮರದ ಚಕ್ಕೆ ತುಂಬಿಸಿ.

ಬೋಲ್ಟ್ ಪೂರ್ತಿ ಒಳಗೆ ಹೋಗುತ್ತಿದೆಯೇ ಎಂದೂ ಪರೀಕ್ಷಿಸಿ. ಕೀ ಎರಡು ಸುತ್ತು ತಿರುಗಬೇಕಾದ ಬೀಗ ಒಂದೇ ಸುತ್ತಿಗೆ ನಿಂತರೆ ಚೌಕಟ್ಟಿನ ಗುಳಿ ಆಳ ಸಾಲದು ಎಂದರ್ಥ. ಬೋಲ್ಟ್ 20 ಮಿ.ಮೀ. ಆದರೂ ಒಳಗಿರಬೇಕು. ಉಳಿಯಿಂದ ಗುಳಿಯನ್ನು ಆಳ ಮಾಡಿದರೆ ಹೊರಗೆ ಗುರುತೂ ಕಾಣದು.

ಪ್ರಶ್ನೆ: ನಮ್ಮ ಬಾಗಿಲು ಹೊರಕ್ಕೆ ತೆರೆಯುತ್ತದೆ. ಹಿಂಜ್‌ನ ಪಿನ್ ಹೊರಗಿನಿಂದಲೇ ಕಾಣುತ್ತದೆ. ಅಪಾಯವೇ?

ಉತ್ತರ: ಹೌದು. ಪಿನ್ ಬಡಿದು ತೆಗೆದರೆ ಬೀಗ ಮುಟ್ಟದೆಯೇ ಬಾಗಿಲನ್ನು ಕಳಚಬಹುದು. ಇದಕ್ಕೆ ಹೊಸ ಹಿಂಜ್ ಬೇಕಿಲ್ಲ. ಹಿಂಜ್‌ನ ಎರಡು ಹಾಳೆಗಳಲ್ಲಿ ಎದುರುಬದುರಾಗಿರುವ ಒಂದೊಂದು ಸ್ಕ್ರೂ ತೆಗೆಯಿರಿ. ಚೌಕಟ್ಟಿನ ಕಡೆಯ ತೂತಿಗೆ ಉದ್ದನೆಯ ಸ್ಕ್ರೂ ಹಾಕಿ 10 ಮಿ.ಮೀ. ಹೊರಗುಳಿಸಿ, ತಲೆಯನ್ನು ಗರಗಸದಿಂದ ಕತ್ತರಿಸಿ ಅರದಿಂದ ಉಜ್ಜಿ. ಬಾಗಿಲಿನ ಕಡೆಯ ತೂತನ್ನು ತಲೆಯಿಲ್ಲದ ಆ ಮೊಳೆ ಸಲೀಸಾಗಿ ಕೂರುವಷ್ಟು ಅಗಲ, 12 ಮಿ.ಮೀ. ಆಳ ಮಾಡಿ. ಮುಚ್ಚಿದಾಗ ಮೊಳೆ ಬಾಗಿಲೊಳಗೆ ಕೂರುತ್ತದೆ, ಪಿನ್ ತೆಗೆದರೂ ಬಾಗಿಲು ಅಲುಗದು. ಬಾಗಿಲು ಮುಚ್ಚುವಾಗ ಮೊಳೆ ತಾಗಿದರೆ ಅದರ ತುದಿಗೆ ಬಳಪ ಹಚ್ಚಿ ಮುಚ್ಚಿ, ಎಲ್ಲಿ ತಾಗುತ್ತಿದೆ ಎಂಬುದು ಗೊತ್ತಾಗುತ್ತದೆ. ಮೇಲಿನ ಮತ್ತು ಕೆಳಗಿನ ಎರಡೂ ಹಿಂಜ್‌ಗೆ ಮಾಡಿ.

ಪ್ರಶ್ನೆ: ಹಳೆಯ ಬಾಡಿಗೆದಾರರ ಬಳಿ ಇನ್ನೊಂದು ಕೀ ಇರಬಹುದೆಂಬ ಅನುಮಾನ. ಬೀಗವನ್ನೇ ಬದಲಿಸಬೇಕೇ?

ಉತ್ತರ: ಬೀಗದಲ್ಲಿ ಕೀ ಹಾಕುವ ಭಾಗ, ಅಂದರೆ ಸಿಲಿಂಡರ್ ಮಾತ್ರ ಬದಲಿಸಿ. ಕಳ್ಳತನದಲ್ಲಿ ಕೀಗೊಂಚಲೂ ಹೋಗಿದ್ದರೆ ಇದು ಅದೇ ದಿನದ ಕೆಲಸ; ಮನೆಯ ಒಳಹೊರಗು ತಿಳಿದವರು ಮೊದಲ ಕೆಲವು ವಾರಗಳಲ್ಲೇ ಮತ್ತೆ ಬರುವ ಸಂಭವ ಹೆಚ್ಚು. ಮಾಲೀಕರಿಗೆ ಬರಹದಲ್ಲಿ ತಿಳಿಸಿ ಒಪ್ಪಿಗೆ ಪಡೆಯಿರಿ.

ಬಾಗಿಲ ಅಂಚಿನಲ್ಲಿ, ಬೋಲ್ಟಿನ ಕೆಳಗೆ, ಸಿಲಿಂಡರನ್ನು ಹಿಡಿದಿರುವ ಒಂದು ಉದ್ದನೆಯ ಸ್ಕ್ರೂ ಇರುತ್ತದೆ. ಅದನ್ನು ತೆಗೆದು, ಕೀ ಹಾಕಿ ತುಸುವೇ ತಿರುಗಿಸುತ್ತಾ ಎಳೆಯಿರಿ. ಸಿಲಿಂಡರ್ ನಡುವಿನ ಹಲ್ಲು ಒಳಗೆ ಮಡಚಿಕೊಂಡ ಕೋನದಲ್ಲಿ ಮಾತ್ರ ಅದು ಜಾರಿ ಬರುತ್ತದೆ. ಬರಲಿಲ್ಲವೆಂದು ಬಡಿಯಬೇಡಿ. ಸ್ಕ್ರೂ ತೂತಿನ ನಡುವಿನಿಂದ ಎರಡೂ ತುದಿಗೆ ಬೇರೆಬೇರೆಯಾಗಿ ಅಳೆಯಿರಿ. 35 ಮತ್ತು 45 ಮಿ.ಮೀ. ಇದ್ದರೆ ಅಂಗಡಿಯಲ್ಲಿ ಬರೀ 80 ಎಂದರೆ 40/40 ಕೊಟ್ಟಾರು. ಹೊರತುದಿ, ಬಾಗಿಲ ಹೊರಮೈಯಲ್ಲಿ ಅದರ ಸುತ್ತ ಇರುವ ಪಟ್ಟಿಯಿಂದ 3 ಮಿ.ಮೀ.ಗಿಂತ ಹೆಚ್ಚು ಚಾಚಿರಬಾರದು. ಚಾಚಿದ್ದರೆ ಇಕ್ಕಳ ಹಾಕಿ ಮುರಿಯುತ್ತಾರೆ. ಸಿಲಿಂಡರಿನ ಸ್ಕ್ರೂ ತೂತಿನ ಕಡೆ ಲೋಹ ತೀರಾ ತೆಳು, ಅಲ್ಲೇ ಮುರಿಯುತ್ತದೆ. ಹೊಸದನ್ನು ಹಾಕಿದ ಮೇಲೆ ಕೀ ಬಿಗಿಯಾದರೆ ಸ್ಕ್ರೂ ಕಾಲು ಸುತ್ತು ಸಡಿಲಿಸಿ. ಹಳೆಯ ಸಿಲಿಂಡರನ್ನು ಕೀಗಳ ಸಮೇತ ಎತ್ತಿಡಿ, ಮನೆ ಬಿಡುವಾಗ ಹಾಕಿಕೊಡಿ.

ಪ್ರಶ್ನೆ: ಸ್ಲೈಡಿಂಗ್ ಕಿಟಕಿಗೆ ಸರಳಿಲ್ಲ. ಹಾಕಿಸಲು ಮಾಲೀಕರು ಒಪ್ಪುವುದಿಲ್ಲ.

ಉತ್ತರ: ಕೆಳಗಿನ ಹಳಿಯಲ್ಲಿ ಸರಿಯಳತೆಯ ಕೋಲು ಇಟ್ಟರೆ ಪಕ್ಕಕ್ಕೆ ಸರಿಸಲಾಗದು. ಆದರೆ ಕದವನ್ನು ಎತ್ತಿ ಕಳಚುವವರಿಗೆ ಕೋಲು ಲೆಕ್ಕಕ್ಕಿಲ್ಲ. ಮುಚ್ಚಿದ ಕದದ ಮೇಲೆ, ಮೇಲಿನ ಹಳಿಯೊಳಗಿನ ಖಾಲಿ ಜಾಗಕ್ಕೆ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ, 2 ಮಿ.ಮೀ. ಮಾತ್ರ ಬಿಡಿ. ಮಲಗುವ ಕೋಣೆಯಲ್ಲಿ ಈ ಕೋಲು ಕೈಯಲ್ಲೇ ತೆಗೆಯುವಂತಿರಲಿ: ಬೆಂಕಿ ಬಿದ್ದರೆ ಕಿಟಕಿಯೂ ಹೊರಹೋಗುವ ದಾರಿ. ಒಳಗಿನಿಂದಲೂ ಕೀ ಬೇಕಾಗುವ ಬೀಗವಿದ್ದರೆ ಕೀಯನ್ನು ಮನೆಯವರಿಗೆಲ್ಲ ಗೊತ್ತಿರುವ, ಕಿಟಕಿಯಿಂದ ಕೈಚಾಚಿದರೆ ಸಿಗದ ಜಾಗದಲ್ಲಿ ತೂಗುಹಾಕಿ.

ಪ್ರಶ್ನೆ: ತೂತು ಕೊರೆಯದೆ ಕ್ಯಾಮೆರಾ, ಅಲಾರಂ ಹಾಕಬಹುದೇ?

ಉತ್ತರ: ಹಾಕಬಹುದು, ಆದರೆ ಬಾಗಿಲ ಕೆಲಸ ಮುಗಿದ ಮೇಲೆ. ಕ್ಯಾಮೆರಾ ನೋಡುತ್ತದೆ, ತಡೆಯುವುದಿಲ್ಲ. ದೃಶ್ಯ ಮೆಮೊರಿ ಕಾರ್ಡಿನಲ್ಲಷ್ಟೇ ಇದ್ದರೆ ಕ್ಯಾಮೆರಾದ ಜೊತೆ ಅದೂ ಹೋಗುತ್ತದೆ. ಕ್ಲೌಡ್‌ಗೂ ಹೋಗುವಂತಿರಲಿ, ರೂಟರ್‌ಗೆ ಯುಪಿಎಸ್ ಇರಲಿ. ಜೊತೆಗೆ ಬಂದ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. ನೆರೆಯವರ ಬಾಗಿಲು ಚಿತ್ರದಲ್ಲಿ ಬರದಂತೆ ತಿರುಗಿಸಿ.

ಬಾಗಿಲು ತೆರೆದರೆ ಕೂಗುವ ಅಯಸ್ಕಾಂತದ ಸೆನ್ಸರ್ ಬಾಡಿಗೆದಾರರಿಗೆ ಹೇಳಿಮಾಡಿಸಿದ್ದು. ಎರಡು ತುಂಡುಗಳ ನಡುವೆ 1 ಸೆಂ.ಮೀ. ಒಳಗಿನ ಅಂತರವಿರಲಿ. ಅಂಟಿಸುವ ಮುನ್ನ ಜಾಗವನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಪೂರ್ತಿ ಒಣಗಲಿ. ಟೇಪ್ ಪೂರ್ಣ ಬಲಕ್ಕೆ ಬರಲು ಸುಮಾರು 72 ಗಂಟೆ ಬೇಕು. ಬಿಡಿಸುವಾಗ ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಹಿಂಬದಿಯಲ್ಲಿ ಗಟ್ಟಿ ದಾರ ತೂರಿಸಿ ಗರಗಸದಂತೆ ಎಳೆದಾಡಿ. ನೇರ ಕಿತ್ತರೆ ಬಣ್ಣವೂ ಬರುತ್ತದೆ, ಮುಂಗಡದಲ್ಲಿ ಕಡಿತವೂ ಆಗುತ್ತದೆ.